ಮೇಜಿನ ಈ ಬದಿಯಿಂದ ಆ ಬದಿಗೆ

ಇನ್ನೂ ವಿಂಡೋಸ್ ಎಕ್ಸ್‌ಪಿಯ ಹಳೆಯ ಕಂಪ್ಯೂಟರ್ ಇಟ್ಟುಕೊಂಡಿದ್ದೀರಾ ಎಂದು ಹುಬ್ಬೇರಿಸುವವರಿಗೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ: ಹೌದು, ಇಟ್ಟುಕೊಂಡಿದ್ದೇನೆ, ಮನೆ ನಡೆಯುವುದೇ ಅದರಿಂದ. ಕುಮಟಾದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಉಪನಯನದ ಆಮಂತ್ರಣ, ವೈಕುಂಠ ಸಮಾರಾಧನೆಯ ಕಾರ್ಡು, ಯಕ್ಷಗಾನದ ಕರಪತ್ರ, ಸೊಸೈಟಿಗಳ ರಸೀದಿ ಪುಸ್ತಕ. ಎಲ್ಲವೂ ತಯಾರಾಗುವುದು ಪೇಜ್‌ಮೇಕರ್ 7ರಲ್ಲಿ. 2001ರಲ್ಲಿ ಬಂದ ತಂತ್ರಾಂಶ. ಅದಾದ ಮೇಲೆ 8 ಎನ್ನುವುದು ಬರಲೇ ಇಲ್ಲ. ನಾನು ಬಳಸುವ ಕನ್ನಡ ಅಕ್ಷರಗಳ ತಂತ್ರಾಂಶಕ್ಕೆ ಒಂದು ಹಾರ್ಡ್‌ವೇರ್ ಲಾಕ್, ಅಂದರೆ ಸಿಕ್ಕಿಸದಿದ್ದರೆ ತಂತ್ರಾಂಶ ಓಡದ ಬೀಗದ ತುಂಡು, ಇದೆ. ಅದು ಕೂರುವುದು 25 ಪಿನ್ನಿನ ಹಳೆಯ ಪ್ರಿಂಟರ್ ಪೋರ್ಟಿನಲ್ಲಿ. ಈಗಿನ ಲ್ಯಾಪ್‌ಟಾಪಿನಲ್ಲಿ ಅಂಥ ಪೋರ್ಟ್ ಹುಡುಕುವುದೂ ಒಂದೇ, ಸುಮ್ಮನಿರುವುದೂ ಒಂದೇ. ಹೊಸ ತಂತ್ರಾಂಶ ಕೊಂಡು ಯೂನಿಕೋಡಿಗೆ, ಅಂದರೆ ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತಕ್ಕೆ, ಬಾ ಎಂದು ಉಪದೇಶ ಮಾಡುವವರು ಬಹಳ ಮಂದಿ. ಇಷ್ಟು ವರ್ಷಗಳ ಆಮಂತ್ರಣಗಳ ಅಂಚು, ಗಣಪತಿ, ಕಲಶ, ಅಕ್ಷರಗಳ ನಡುವಿನ ಅಂತರ ಇವನ್ನೆಲ್ಲ ಹೊಸದಾಗಿ ಕೂಡಿಸಿಕೊಡುವವರು ಒಬ್ಬರೂ ಇಲ್ಲ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. ಅಂದಿನಿಂದ ಅದಕ್ಕೆ ನಾನು ಇಂಟರ್‌ನೆಟ್ ಕೊಟ್ಟಿಲ್ಲ. ಅದರ ಪಾಡಿಗೆ ಅದು ಅಕ್ಷರ ಜೋಡಿಸುತ್ತದೆ, ಪಿಡಿಎಫ್ ಮಾಡಿಕೊಡುತ್ತದೆ. ತೊಂದರೆ ಆಚೆಯದು. ಮೊದಲು ಪ್ರೂಫ್ ನೋಡಲು ಜನ ಗೋಕರ್ಣದಿಂದ, ಮಿರ್ಜಾನದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕುಳಿತು, ಚಹಾ ಕುಡಿದು, ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಹೋಗುತ್ತಿದ್ದರು. ಈಗ ಪ್ರೂಫ್ ವಾಟ್ಸ್‌ಆ್ಯಪಿನಲ್ಲಿ ಹೋಗಬೇಕು. ವಾಟ್ಸ್‌ಆ್ಯಪ್ ಇರುವುದು ಮೇಜಿನ ಆ ಬದಿಯ ಲ್ಯಾಪ್‌ಟಾಪಿನಲ್ಲಿ. ಅದು ವಿಂಡೋಸ್ 11. ‘ಹೆಗಡೆ’ ಎಂದಿದ್ದದ್ದನ್ನು ‘ಹೆಗ್ಡೆ’ ಮಾಡಿ ಎಂದು ಒಬ್ಬರು, ಸ್ವಾಗತ ಕೋರುವವರಲ್ಲಿ ಸಣ್ಣಪ್ಪನ ಹೆಸರು ಬಿಟ್ಟುಹೋಗಿದೆ ಎಂದು ಇನ್ನೊಬ್ಬರು. ಒಂದು ಆಮಂತ್ರಣಕ್ಕೆ ಎಷ್ಟು ತಿದ್ದುಪಡಿಯೋ ಅಷ್ಟು ಸಲ ಪೆನ್‌ಡ್ರೈವ್ ಇಲ್ಲಿಂದ ಕಿತ್ತು ಅಲ್ಲಿಗೆ.

ಆ ಪೆನ್‌ಡ್ರೈವಿನ ಮೇಲೆ ನನಗೆ ನಂಬಿಕೆ ಇಲ್ಲ. ಮುದ್ರಣಾಲಯಕ್ಕೆ ಹೋಗಿ ಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ವೈರಸ್ ತಗಲಿ ಶಾರ್ಟ್‌ಕಟ್ ಆಗಿ ಕುಳಿತಿರುವುದನ್ನು ಈ ಕಸುಬಿನವರೆಲ್ಲ ನೋಡಿದ್ದಾರೆ. ಸಾಲದ್ದಕ್ಕೆ ಎಕ್ಸ್‌ಪಿಯ ಮುಂದಿನ ಯುಎಸ್‌ಬಿ ಕಿಂಡಿ ಸಡಿಲಾಗಿದೆ, ಹಿಂದಿನದಕ್ಕೆ ಕೈ ಹಾಕಬೇಕಾದರೆ ಮೇಜನ್ನೇ ಎಳೆಯಬೇಕು. ಹಾಗಾಗಿ ಎರಡೂ ಕಂಪ್ಯೂಟರುಗಳ ನಡುವೆ ನೇರವಾಗಿ ಒಂದು ಕೇಬಲ್ ಹಾಕಲು ಹೊರಟೆ.

ವಿಷಯ ಭಾವನವರ ಕಿವಿಗೆ ಬಿತ್ತು. ನಮ್ಮವರ ಅಣ್ಣ, ನಿವೃತ್ತರು, ಎಸೆಯದೆ ಇಟ್ಟ ವಸ್ತುಗಳ ಭಂಡಾರವೇ ಅವರ ಮನೆಯಲ್ಲಿದೆ. ಮಾರನೆಯ ದಿನ ಬೆಳಿಗ್ಗೆ ಒಂದು ಚೀಲದಲ್ಲಿ ದಪ್ಪ ಬೂದು ಬಣ್ಣದ ಕೇಬಲ್ ಹಿಡಿದು ಬಂದರು. ಎರಡೂ ತುದಿಗೆ ಒಂಬತ್ತು ತೂತಿನ ತಲೆ. “ತಂಗೀ, ಇದಕ್ಕೆ ಡೈರೆಕ್ಟ್ ಕೇಬಲ್ ಕನೆಕ್ಷನ್ ಎಂದೇ ಹೆಸರಿತ್ತು. ವಿಂಡೋಸ್ 95ರಲ್ಲೇ ಇತ್ತು” ಎಂದರು. ಅವರು ಹೇಳಿದ್ದು ನಿಜ. ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿಗೆ ಈ ಅಡ್ಡತಂತಿಯ ಕೇಬಲ್, ಇಲ್ಲವೇ ಪ್ರಿಂಟರ್ ಪೋರ್ಟಿಗೆ ಲ್ಯಾಪ್‌ಲಿಂಕ್ ಕೇಬಲ್ ಹಾಕಿ ಎರಡು ಕಂಪ್ಯೂಟರುಗಳನ್ನು ನೇರವಾಗಿ ಕೂಡಿಸುವ ಸೌಲಭ್ಯ ಅಂದು ವಿಂಡೋಸಿನ ಜೊತೆಗೇ ಬರುತ್ತಿತ್ತು. ನಮ್ಮ ಎಕ್ಸ್‌ಪಿಯಲ್ಲೂ ಅದರ ಕಿಟಕಿ ಇದೆ. ಅವರ ಮುಂದೆಯೇ ಲೆಕ್ಕ ಹಾಕಿದೆ. ಸೀರಿಯಲ್ ಪೋರ್ಟಿನ ಸಾಮಾನ್ಯ ಗರಿಷ್ಠ ವೇಗ ಸೆಕೆಂಡಿಗೆ 1,15,200 ಬಿಟ್. ಒಂದು ಬೈಟಿಗೆ ಹಿಂದೆ ಮುಂದೆ ಸೇರಿಸಿ 10 ಬಿಟ್ ಬೇಕು. ಅಂದರೆ ಸೆಕೆಂಡಿಗೆ ಹನ್ನೊಂದೂವರೆ ಸಾವಿರ ಬೈಟ್. ನನ್ನ ಹಳೆಯ ಫೈಲುಗಳು, ಸ್ಕ್ಯಾನ್ ಮಾಡಿದ ಚಿತ್ರಗಳು ಎಲ್ಲ ಸೇರಿ ಸುಮಾರು 40 ಜಿಬಿ. ಭಾಗಿಸಿದರೆ 40 ದಿನ. ಆಷಾಢದ ಪಾಡ್ಯಕ್ಕೆ ಶುರು ಮಾಡಿದರೆ ನಾಗರ ಪಂಚಮಿ ಕಳೆದ ಮೇಲೆ ಮುಗಿಯುತ್ತದೆ, ಅದೂ ನಡುವೆ ಕರೆಂಟ್ ಹೋಗದಿದ್ದರೆ. ಭಾವ ಕೇಬಲನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಎಸೆಯಲಿಲ್ಲ.

ಪೇಟೆಯಲ್ಲಿ ಇನ್ನೊಂದು ತೋರಿಸಿದರು: ಎರಡೂ ತುದಿಗೆ ಒಂದೇ ಬಗೆಯ ಚಪ್ಪಟೆ ಯುಎಸ್‌ಬಿ ತಲೆಯಿರುವ ಕೇಬಲ್. ಅದನ್ನು ಯಾರೂ ಕೊಳ್ಳಬೇಡಿ. ಯುಎಸ್‌ಬಿಯಲ್ಲಿ ಒಂದು ಕಡೆ ಒಡೆಯ, ಇನ್ನೊಂದು ಕಡೆ ಆಳು ಇರಬೇಕು. ಎರಡು ಕಂಪ್ಯೂಟರುಗಳೂ ಒಡೆಯರೇ ಆಗಿ, ಎರಡೂ 5 ವೋಲ್ಟ್ ಕೊಡುತ್ತ ನಿಂತರೆ ಫೈಲು ಹೋಗುವುದಿಲ್ಲ, ಪೋರ್ಟು ಹೋಗುತ್ತದೆ. ನಡುವೆ ಪುಟ್ಟ ಚಿಪ್ ಇರುವ ಬ್ರಿಜ್ ಕೇಬಲ್ ಬೇರೆಯೇ ವಸ್ತು. ಅದಕ್ಕೆ ಎಕ್ಸ್‌ಪಿಯ ಡ್ರೈವರ್ ಹುಡುಕುವ ತಾಳ್ಮೆ ಇದ್ದವರು ತರಬಹುದು.

ಉಳಿದದ್ದು ಲ್ಯಾನ್ ಕೇಬಲ್, ಕಂಪ್ಯೂಟರಿಗೆ ತಂತಿಯಲ್ಲಿ ಇಂಟರ್‌ನೆಟ್ ತರುವ ಅದೇ ಕೇಬಲ್. ಎರಡು ಕಂಪ್ಯೂಟರುಗಳ ನಡುವೆ ನೇರವಾಗಿ ಹಾಕಬೇಕಾದರೆ ಕ್ರಾಸ್ ಕೇಬಲ್ಲೇ ಬೇಕು, ಸಾದಾ ಕೇಬಲ್ ನಡೆಯುವುದಿಲ್ಲ ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ಲ್ಯಾನ್ ಕಾರ್ಡುಗಳು ಸೆಕೆಂಡಿಗೆ 10 ಅಥವಾ 100 ಮೆಗಾಬಿಟ್ (ಎಂಬಿಪಿಎಸ್) ಓಡುತ್ತಿದ್ದ ಕಾಲಕ್ಕೆ ಅದು ಸರಿಯಾದ ಮಾತು. ಪ್ಲಗ್ಗಿನ 1 ಮತ್ತು 2ನೇ ಕಾಲು ಕಳಿಸುವುದಕ್ಕೆ, 3 ಮತ್ತು 6ನೇ ಕಾಲು ತೆಗೆದುಕೊಳ್ಳುವುದಕ್ಕೆ. ಎರಡೂ ಕಂಪ್ಯೂಟರುಗಳು 1, 2ರಲ್ಲೇ ಕಳಿಸಿದರೆ ಕೇಳಿಸಿಕೊಳ್ಳುವವರು ಯಾರು? ಅದಕ್ಕೆ ಒಂದು ತುದಿಯಲ್ಲಿ ಅದಲುಬದಲು ಮಾಡುತ್ತಿದ್ದರು. ಈಗಿನ ಗಿಗಾಬಿಟ್ ಪೋರ್ಟುಗಳು ಯಾವ ಜೋಡಿ ಎಲ್ಲಿದೆ ಎಂದು ತಾವೇ ನೋಡಿಕೊಂಡು ಹೊಂದಿಸಿಕೊಳ್ಳುತ್ತವೆ. ಇದಕ್ಕೆ ಆಟೋ ಎಂಡಿಐಎಕ್ಸ್ ಎನ್ನುತ್ತಾರೆ. ಎರಡರಲ್ಲಿ ಒಂದಕ್ಕೆ ಆ ಗುಣ ಇದ್ದರೂ ಸಾಕು. ನನ್ನ ಎಕ್ಸ್‌ಪಿಯದು 100 ಎಂಬಿಪಿಎಸ್‌ನ ಹಳೆಯ ಕಾರ್ಡ್. ಲ್ಯಾಪ್‌ಟಾಪಿಗೆ ಲ್ಯಾನ್ ಕಿಂಡಿಯೇ ಇಲ್ಲದ್ದರಿಂದ ಯುಎಸ್‌ಬಿಗೆ ಸಿಕ್ಕಿಸುವ ಗಿಗಾಬಿಟ್ ಅಡಾಪ್ಟರ್ ತಂದೆ. ಅಡಾಪ್ಟರ್ ಸಂಭಾಳಿಸಿತು. ಸಾದಾ ಕೇಬಲ್ ಸಾಕಾಯಿತು.

ಸಾಕಾಯಿತು ಎಂದೆನಲ್ಲ, ದೀಪ ಹೊತ್ತುವ ಮಟ್ಟಿಗೆ. ಅದಕ್ಕೂ ಮೊದಲು ದೀಪವೇ ಹೊತ್ತಿರಲಿಲ್ಲ. ಲ್ಯಾನ್ ಪೋರ್ಟಿನ ಮೂಲೆಯಲ್ಲಿ ಒಂದು ಸಣ್ಣ ದೀಪ ಇರುತ್ತದೆ. ಅದು ಹೊತ್ತದಿದ್ದರೆ ಸೆಟ್ಟಿಂಗ್ ಕೆದಕುವುದು ವ್ಯರ್ಥ. ನಮ್ಮ ಮನೆಯಿಂದ ಸಮುದ್ರ ದೂರವಿಲ್ಲ. ಉಪ್ಪು ಗಾಳಿಗೆ ಕಿಟಕಿಯ ಸರಳು, ಬೀಗ, ಕತ್ತರಿ ಯಾವುದೂ ಉಳಿಯುವುದಿಲ್ಲ, ಇನ್ನು ಕಾರ್ಡಿನ ಎಂಟು ತೆಳು ತಂತಿಗಳು ಉಳಿದಾವೇ? ಮೊಬೈಲಿನ ಟಾರ್ಚ್ ಹಿಡಿದು ನೋಡಿದರೆ ಕಿಂಡಿಯೊಳಗೆ ಎರಡು ಕಾಲುಗಳ ಮೇಲೆ ಹಸಿರು ಹಿಟ್ಟು, ಮೂಲೆಯಲ್ಲಿ ಇರುವೆ ತಂದಿಟ್ಟ ಮಣ್ಣು. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ ಸಾಕು. ಕಂಪ್ಯೂಟರ್ ಬಂದ್ ಮಾಡಿ, ಪ್ಲಗ್ ಕಿತ್ತು, ತಿಕ್ಕಿ, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಈ ಕಾರ್ಡ್ ಕೂಡ ಮೂಲದ್ದಲ್ಲ. ಮದರ್‌ಬೋರ್ಡಿನ ಸ್ವಂತ ಪೋರ್ಟ್ ಒಂದು ಮೇ ತಿಂಗಳ ಸಿಡಿಲಿಗೆ ಸುಟ್ಟುಹೋಯಿತು. ಆಗ ಅದಕ್ಕೆ ಹೊರಗಿನಿಂದ ಬಂದ ಕೇಬಲ್ ಸಿಕ್ಕಿಸಿತ್ತು. ಕರಾವಳಿಯಲ್ಲಾಗಲಿ ಘಟ್ಟದ ಮೇಲಾಗಲಿ, ಮನೆಯಿಂದ ಕೊಟ್ಟಿಗೆಗೋ ಪಕ್ಕದ ಮನೆಗೋ ತಾಮ್ರದ ಲ್ಯಾನ್ ಕೇಬಲನ್ನು ಗಾಳಿಯಲ್ಲಿ ಎಳೆಯುವವರು ಈ ಒಂದು ಮಾತು ನೆನಪಿಡಬೇಕು. ಒಂದೇ ಕೋಣೆಯೊಳಗಿನ ಕೇಬಲಿಗೆ ಅಷ್ಟು ಭಯವಿಲ್ಲ. ಆದರೂ ಗುಡುಗು ಶುರುವಾದರೆ ನಾನು ಕೀಳುತ್ತೇನೆ.

ದೀಪ ಬಂತು. ಎಕ್ಸ್‌ಪಿ ಒಂದು ನಿಮಿಷ ಒದ್ದಾಡಿ ಹಳದಿ ತ್ರಿಕೋನ ತೋರಿಸಿ ‘ಲಿಮಿಟೆಡ್ ಆರ್ ನೋ ಕನೆಕ್ಟಿವಿಟಿ’ ಎಂದಿತು. ಹೆಚ್ಚಿನವರು ಕೇಬಲ್ ಸರಿ ಇಲ್ಲ ಎಂದು ತಿಳಿದು ಕೈಬಿಡುವುದು ಇಲ್ಲಿಯೇ. ಅದು ದೋಷದ ಸೂಚನೆಯೇ ಅಲ್ಲ. ಮನೆಯ ವೈಫೈ ಪೆಟ್ಟಿಗೆ ಪ್ರತಿ ಯಂತ್ರಕ್ಕೂ ಒಂದೊಂದು ಐಪಿ ಸಂಖ್ಯೆ, ಅಂದರೆ ಮನೆ ನಂಬರಿನಂಥ ವಿಳಾಸ, ಹಂಚುತ್ತದೆ. ನೇರ ಕೇಬಲಿನಲ್ಲಿ ಹಂಚುವವರು ಇಲ್ಲ. ಕೇಳಿ ಕೇಳಿ ಸಾಕಾಗಿ ಕಂಪ್ಯೂಟರ್ 169.254ರಿಂದ ಶುರುವಾಗುವ ಒಂದು ಸಂಖ್ಯೆಯನ್ನು ತಾನೇ ಇಟ್ಟುಕೊಳ್ಳುತ್ತದೆ. ಎರಡೂ ಕಡೆ ಹಾಗೆಯೇ ಆದರೆ ಅವು ಪರಸ್ಪರ ಮಾತಾಡಬಲ್ಲವು, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಸಂಖ್ಯೆ ನಾಳೆಯೂ ಅದೇ ಇರುತ್ತದೆ ಎನ್ನುವಂತಿಲ್ಲ, ಪ್ರತಿ ಸಲ ಕಾಯಲೂ ಬೇಕು. ನಾನು ಕೈಯಿಂದಲೇ ಕೊಟ್ಟೆ: ಎಕ್ಸ್‌ಪಿಗೆ 192.168.50.1, ಲ್ಯಾಪ್‌ಟಾಪಿನ ಅಡಾಪ್ಟರಿಗೆ 192.168.50.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0, ಅಂದರೆ ಮೊದಲ ಮೂರು ಭಾಗ ಒಂದೇ ಇದ್ದವರು ಒಂದೇ ಸಾಲಿನವರು. ನಮ್ಮ ವೈಫೈ 192.168.1ರ ಸಾಲಿನಲ್ಲಿದೆ. ಕೇಬಲಿಗೂ ಅದೇ ಸಾಲು ಕೊಟ್ಟರೆ ಯಾವ ದಾರಿಯಿಂದ ಕಳಿಸಬೇಕು ಎಂದು ಲ್ಯಾಪ್‌ಟಾಪಿಗೆ ಗೊಂದಲವಾಗುತ್ತದೆ. ಹಾಗಾಗಿ 50.

ಗೇಟ್‌ವೇ ಎಂಬ ಖಾಲಿ ಜಾಗ ಕಂಡ ಕೂಡಲೇ ಅದನ್ನು ತುಂಬಬೇಕು ಎಂದು ಅನಿಸುತ್ತದೆ. ತುಂಬಬಾರದು. ಗೇಟ್‌ವೇ ಎಂದರೆ ಹೊರ ಜಗತ್ತಿಗೆ ಹೋಗುವ ಬಾಗಿಲು. ಈ ಕೇಬಲಿನ ಆ ತುದಿಯಲ್ಲಿ ಹೊರ ಜಗತ್ತಿಲ್ಲ, ಎಕ್ಸ್‌ಪಿ ಇದೆ. ಅಲ್ಲಿ ಎಕ್ಸ್‌ಪಿಯ ಸಂಖ್ಯೆ ಬರೆದರೆ ಲ್ಯಾಪ್‌ಟಾಪ್ ಇಂಟರ್‌ನೆಟ್ಟನ್ನೂ ಕೇಬಲಿನಲ್ಲಿ ಹುಡುಕತೊಡಗುತ್ತದೆ, ವೈಫೈ ಗುರುತು ತುಂಬಿಕೊಂಡಿದ್ದರೂ ವಾಟ್ಸ್‌ಆ್ಯಪ್ ಸುತ್ತುತ್ತಲೇ ಇರುತ್ತದೆ. ಜಾಲತಾಣದ ಹೆಸರಿಗೆ ಅದರ ಸಂಖ್ಯೆ ಹುಡುಕಿಕೊಡುವ ಡಿಎನ್‌ಎಸ್‌ನ ಜಾಗವೂ ಖಾಲಿಯೇ ಇರಲಿ.

ಮುಂದೆ ಪಿಂಗ್, ಅಂದರೆ ‘ಇದ್ದೀಯಾ’ ಎಂದು ಆ ಕಡೆಯ ಕಂಪ್ಯೂಟರನ್ನು ಕೇಳುವ ಆದೇಶ. ಲ್ಯಾಪ್‌ಟಾಪಿನಿಂದ ಎಕ್ಸ್‌ಪಿಗೆ ಉತ್ತರ ಬಂತು, ಎಕ್ಸ್‌ಪಿಯಿಂದ ಲ್ಯಾಪ್‌ಟಾಪಿಗೆ ಬರಲಿಲ್ಲ. ಒಂದೇ ತಂತಿ, ಹೋಗುವಾಗ ಸರಿ, ಬರುವಾಗ ಇಲ್ಲ ಎಂದರೆ ತಂತಿಯನ್ನು ಬೈಯುವುದರಲ್ಲಿ ಅರ್ಥವಿಲ್ಲ. ಉತ್ತರ ಬರುವುದೂ ಅದೇ ತಂತಿಯಲ್ಲಿ ತಾನೇ? ತಡೆದದ್ದು ಲ್ಯಾಪ್‌ಟಾಪಿನ ಫೈರ್‌ವಾಲ್, ಹೊರಗಿನಿಂದ ಬರುವವರನ್ನು ತಡೆಯುವ ಕಾವಲುಗಾರ. ಗೇಟ್‌ವೇ ಇಲ್ಲದ ಇಂಥ ಸಂಪರ್ಕವನ್ನು ವಿಂಡೋಸ್ ‘ಗುರುತಿಲ್ಲದ ನೆಟ್‌ವರ್ಕ್’ ಎಂದು ಕರೆದು, ಬಸ್ ನಿಲ್ದಾಣದ ವೈಫೈಗೆ ಕೊಡುವಷ್ಟೇ ಮರ್ಯಾದೆ ಕೊಡುತ್ತದೆ. ಪಿಂಗಿಗೆ ಉತ್ತರ ಸಹ ಕೊಡುವುದಿಲ್ಲ. ಎರಡೂ ದಿಕ್ಕಿನಲ್ಲಿ ಉತ್ತರ ಬಾರದಿದ್ದರೆ ಏನು ಮಾಡಬೇಕು? ಪಿಂಗ್ ಕೊಟ್ಟ ಮರುಕ್ಷಣವೇ ಆದೇಶ ಬರೆಯುವ ಕಪ್ಪು ಕಿಟಕಿಯಲ್ಲಿ ‘ಎಆರ್‌ಪಿ ಹೈಫನ್ ಎ’ ಎಂದು ಕೊಟ್ಟು ಪಟ್ಟಿ ನೋಡಿ. ಆ ಕಡೆಯ ಐಪಿ ಸಂಖ್ಯೆಯ ಎದುರು ಅದರ ಕಾರ್ಡಿನ ಹನ್ನೆರಡು ಅಂಕಿ-ಅಕ್ಷರಗಳ ಗುರುತು ಬಂದಿದ್ದರೆ ಕೇಬಲ್ ಸರಿ, ಸಂಖ್ಯೆ ಸರಿ, ಫೈರ್‌ವಾಲ್ ಮಾತ್ರ ಅಡ್ಡ ನಿಂತಿದೆ. ಆ ಗುರುತನ್ನು ಫೈರ್‌ವಾಲ್ ತಡೆಯುವುದಿಲ್ಲ. ಫೈರ್‌ವಾಲನ್ನೇ ಬಂದ್ ಮಾಡಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ, ನನಗೆ ಅದು ಒಪ್ಪಿಗೆಯಿಲ್ಲ. 192.168.50.1 ಎಂಬ ಒಂದೇ ಸಂಖ್ಯೆಯ ಪಿಂಗಿಗೆ ದಾರಿ ಬಿಡುವ ನಿಯಮ ಬರೆದೆ. ಉಳಿದವರಿಗೆಲ್ಲ ಬಾಗಿಲು ಹಾಕಿಯೇ ಇದೆ.

ಇಷ್ಟಾದ ಮೇಲೂ ಫೈಲು ಕಳಿಸಿದರೆ (ಯಾವ ದಾರಿಯಲ್ಲಿ ಎನ್ನುವುದನ್ನು ಆಮೇಲೆ ಹೇಳುತ್ತೇನೆ) ಓಡಲಿಲ್ಲ. ಚಿಕ್ಕ ಪಿಡಿಎಫ್ ಹೇಗೋ ಹೋಗುತ್ತಿತ್ತು. ದೊಡ್ಡದು ಸ್ವಲ್ಪ ಹೋಗಿ ನಿಲ್ಲುತ್ತಿತ್ತು, ಮತ್ತೆ ಸ್ವಲ್ಪ, ಮತ್ತೆ ನಿಂತಿತು. ಪಿಂಗ್ ನೋಡಿದರೆ ಒಂದೂ ತಪ್ಪದೆ ಉತ್ತರ. ಈ ಭಾಗವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇಂಥ ಕೇಬಲ್ ಎಷ್ಟೋ ಮನೆಗಳ ಗೋಡೆಯೊಳಗೆ ಇರಬಹುದು.

ನಾನು ಹಾಕಿದ್ದು ಮಾಳಿಗೆಯ ಮೇಲಿಂದ ಕೋಣೆಗೆ ಇಂಟರ್‌ನೆಟ್ ತರಲು ಹಿಂದೆ ಎಳೆದಿದ್ದ ಕೇಬಲ್. ಸುರುಳಿ ಬಿಚ್ಚಿದರೆ ಇಪ್ಪತ್ತು ಮೀಟರ್ ಮೇಲಿದೆ. ತುದಿ ಒತ್ತಿಕೊಟ್ಟ ಹುಡುಗ ಆಗ ಪರೀಕ್ಷೆಯ ಪೆಟ್ಟಿಗೆ ಹಾಕಿ 1ರಿಂದ 8ರವರೆಗೆ ದೀಪಗಳು ಸಾಲಾಗಿ ಮಿನುಗುವುದನ್ನು ತೋರಿಸಿಯೇ ಹಣ ತೆಗೆದುಕೊಂಡಿದ್ದ. ಸುಳ್ಳಲ್ಲ, ಎಂಟೂ ತಂತಿಗಳು ಈ ತುದಿಯಿಂದ ಆ ತುದಿಗೆ ಮುಟ್ಟಿವೆ. ಆದರೆ ಸಾಮಾನ್ಯ ಪಿಂಗ್ ಕಳಿಸುವುದು 32 ಬೈಟ್‌ನ ಪುಟ್ಟ ಪೊಟ್ಟಣ. ಪಿಂಗಿನ ಮುಂದೆ ಹೈಫನ್ ಎಲ್ ಬರೆದು 1400 ಎಂದು ಕೊಟ್ಟೆ. ಆಗ ಬಣ್ಣ ಬಯಲಾಯಿತು: ಒಂದಕ್ಕೆ ಉತ್ತರ, ಎರಡಕ್ಕೆ ಇಲ್ಲ, ಮತ್ತೊಂದಕ್ಕೆ ಉತ್ತರ.

ಪ್ಲಗ್ ಪಾರದರ್ಶಕ. ಚಿಮಟದಂಥ ಅದರ ನಾಲಿಗೆ ಕೆಳಗೆ ಮಾಡಿ, ಚಿನ್ನದ ಬಣ್ಣದ ಕಾಲುಗಳನ್ನು ಮೇಲೆ ಮಾಡಿ, ಕನ್ನಡಕ ಏರಿಸಿ ನೋಡಿದೆ. ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ಕಣ್ಣಿಗೆ ಎಷ್ಟು ಚಂದದ ಕ್ರಮ! ಜೋಡಿಯ ಪಕ್ಕ ಜೋಡಿ. ಎರಡೂ ತುದಿಗಳಲ್ಲಿ ಅದೇ ಕ್ರಮ. ಅದೇ ತಪ್ಪು. ಇರಬೇಕಾದದ್ದು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿ ಜೋಡಿಯನ್ನು ನಡುವೆ ಬಿಟ್ಟುಕೊಂಡು ಕುಳಿತುಕೊಳ್ಳಬೇಕು.

ಏಕೆ ಹೀಗೆ ಎಂದರೆ, ಕೇಬಲಿನೊಳಗೆ ಎಂಟು ಬಿಡಿ ತಂತಿಗಳಿಲ್ಲ, ಬಾಳೆನಾರಿನ ಹುರಿಯಂತೆ ಹೊಸೆದ ನಾಲ್ಕು ಜೋಡಿಗಳಿವೆ. ಒಂದು ಜೋಡಿಯ ಎರಡು ತಂತಿಗಳಲ್ಲಿ ಒಂದೇ ಸಂಕೇತ ಒಂದಕ್ಕೊಂದು ವಿರುದ್ಧವಾಗಿ ಹರಿಯುತ್ತದೆ. ಹೊಸೆದಿರುವುದರಿಂದ ಹೊರಗಿನ ಗದ್ದಲ ಎರಡಕ್ಕೂ ಸಮವಾಗಿ ತಗಲುತ್ತದೆ, ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಹಾರಿಹೋಗಿ ಸಂಕೇತ ಉಳಿಯುತ್ತದೆ. ಕಾರ್ಡಿಗೆ 3 ಮತ್ತು 6 ಒಂದು ಜೋಡಿ. ನನ್ನ ಕೇಬಲಿನಲ್ಲಿ 3ರಲ್ಲಿ ಇದ್ದದ್ದು ಹಸಿರು ಹುರಿಯ ಒಂದು ಎಳೆ, 6ರಲ್ಲಿ ಇದ್ದದ್ದು ನೀಲಿ ಹುರಿಯ ಒಂದು ಎಳೆ. ಜೊತೆಗಿರಬೇಕಾದ ಎರಡು ತಂತಿಗಳು ಬೇರೆ ಬೇರೆ ಜೊತೆಗಾರರೊಂದಿಗೆ ಹೊಸೆದುಕೊಂಡು ಇಪ್ಪತ್ತು ಮೀಟರ್ ಬಂದಿವೆ. ಗದ್ದಲ ರದ್ದಾಗುವ ಮಾತೆಲ್ಲಿ? ಒಂದು ಮೀಟರಿನ ತುಂಡಾಗಿದ್ದರೆ ಹೇಗೋ ಓಡಿಬಿಡುತ್ತಿತ್ತೇನೋ. ತಂತಿ ಮುಟ್ಟಿದೆಯೇ ಎಂದಷ್ಟೇ ನೋಡುವ ಅಗ್ಗದ ಪರೀಕ್ಷಾ ಪೆಟ್ಟಿಗೆಗೆ ಇದು ಎಂದೂ ಗೊತ್ತಾಗುವುದಿಲ್ಲ. ಇದಕ್ಕೆ ಸ್ಪ್ಲಿಟ್ ಪೇರ್ ಎಂದು ಹೆಸರು. ಮನೆಯಲ್ಲಿ ಇಂಟರ್‌ನೆಟ್ ನಿಧಾನ ಎಂದು ಕಂಪನಿಗೆ ಫೋನ್ ಮಾಡುವ ಮೊದಲು ಪ್ಲಗ್ಗಿನ ಮೂರು ಮತ್ತು ಆರನೇ ತಂತಿಯ ಬಣ್ಣ ನೋಡಿ. ಅಲ್ಲಿ ಹಸಿರು ಜೋಡಿ ಇರಬೇಕು. ಇನ್ನೊಂದು ಒಪ್ಪಿತ ಕ್ರಮದಲ್ಲಿ ಹಸಿರು ಮೊದಲು ಬಂದು ಕಿತ್ತಳೆ ಜೋಡಿ 3 ಮತ್ತು 6ರಲ್ಲಿರುತ್ತದೆ, ಅದೂ ಸರಿಯೇ. ನೀಲಿ ಇದ್ದರೆ ಕತ್ತರಿಸಿ ಬೇರೆ ಪ್ಲಗ್ ಒತ್ತಿಸಿ.

ನಾನು ಒತ್ತಿಸಲಿಲ್ಲ. ಕಾರ್ಖಾನೆಯಲ್ಲೇ ತಲೆ ಎರಕ ಹೊಯ್ದ ಎರಡು ಮೀಟರಿನ ಕೇಬಲ್ ತಂದೆ. ಮೇಜಿನ ಮೇಲಿನ ಕೆಲಸಕ್ಕೆ ಇಪ್ಪತ್ತು ಮೀಟರ್ ಸುರುಳಿ ಏಕೆ? 1400ರ ಪಿಂಗ್ ಎಷ್ಟು ಹೊತ್ತು ಬಿಟ್ಟರೂ ಒಂದೂ ತಪ್ಪಲಿಲ್ಲ.

ಇನ್ನು ಉಳಿದ ತಂಟೆ ಕೇಬಲಿನದಲ್ಲ, ಕಾಲದ್ದು. ಎಕ್ಸ್‌ಪಿಯಲ್ಲಿ ಫೋಲ್ಡರ್ ಶೇರ್ ಮಾಡಿ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆಯಲು ಹೋದರೆ ವಿಂಡೋಸ್ 11 ಒಪ್ಪುವುದಿಲ್ಲ. ಫೋಲ್ಡರ್ ಹಂಚುವ ಭಾಷೆಯಲ್ಲಿ ಎಕ್ಸ್‌ಪಿಗೆ ಬರುವುದು ಎಸ್‌ಎಂಬಿ 1 ಮಾತ್ರ. 2017ರ ಕೊನೆಯಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಹೊಸದಾಗಿ ಅನುಸ್ಥಾಪಿಸುವಾಗ ಅದನ್ನು ಹಾಕುವುದನ್ನು ಬಿಡುತ್ತ ಬಂದಿದ್ದಾರೆ. ಕಾರಣ ಇದೆ. ಅದೇ ವರ್ಷ ಮೇ 12ರಂದು ಶುರುವಾದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ತುಂಬ ಹರಡಿದ್ದು ಎಸ್‌ಎಂಬಿ 1ರ ಬಿರುಕಿನಿಂದ. ಬೆಂಬಲ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ವಿಶೇಷವಾಗಿ ತೇಪೆ ಬಿಡುಗಡೆ ಮಾಡಬೇಕಾಯಿತು.

ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಫೋನ್ ಮಾಡಿದೆ. “ವಿಂಡೋಸ್ ಫೀಚರ್ಸ್‌ನಲ್ಲಿ ಎಸ್‌ಎಂಬಿ 1 ಕ್ಲೈಂಟ್ ಎಂದು ಇರುತ್ತದೆ ಅತ್ತೆ, ಅದಕ್ಕೊಂದು ಟಿಕ್ ಹಾಕು, ಮುಗಿಯಿತು” ಎಂದ. ಅವನ ಮಾತಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಬೇರೆ ಯಂತ್ರದ ಫೋಲ್ಡರ್ ತೆರೆಯುವ ಕ್ಲೈಂಟ್ ಭಾಗವನ್ನು ಮಾತ್ರ ಹಾಕಿದರೆ ಹೊರಗಿನಿಂದ ಯಾರೂ ಆ ಬಾಗಿಲು ತಟ್ಟಲಾರರು. ವಾನಾಕ್ರೈ ನುಗ್ಗಿದ್ದು ತನ್ನ ಫೋಲ್ಡರನ್ನು ಇತರರಿಗೆ ಹಂಚುವ ಸರ್ವರ್ ಭಾಗದಿಂದ. ಒಂದು ಸಂಜೆ ವೈಫೈ ಬಂದ್ ಮಾಡಿ, ಎಲ್ಲ ಫೈಲು ನಕಲು ಮಾಡಿಕೊಂಡು, ಟಿಕ್ ತೆಗೆದು, ಹಳೆಯ ಯಂತ್ರವನ್ನು ಗುಜರಿಗೆ ಹಾಕುವವರಿಗೆ ಅದೇ ಸುಲಭದ ದಾರಿ. ನನ್ನ ಎಕ್ಸ್‌ಪಿ ಗುಜರಿಗೆ ಹೋಗುವುದಿಲ್ಲ. ಮದುವೆಯ ದಿನಗಳಲ್ಲಿ ಈ ಕೇಬಲ್ ದಿನವಿಡೀ ದುಡಿಯಬೇಕು, ಆ ಹೊತ್ತಿಗೆಲ್ಲ ವೈಫೈ ಕೂಡ ಬೇಕು. ಎಂದೆಂದಿಗೂ ತೆರೆದಿಡುವ ಬಾಗಿಲಿಗೆ ಹಳೆಯ ಬೀಗ ಬೇಡ ಎನಿಸಿತು. “ಎಫ್‌ಟಿಪಿ ಆಗುವುದಿಲ್ಲವೇ?” ಎಂದು ಫೈಲು ಸಾಗಿಸುವ ಹಳೆಯ ವಿಧಾನವೊಂದರ ಹೆಸರು ಹೇಳಿ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. “ಆಗುತ್ತದೆ ಅತ್ತೆ, ಆದರೆ ಅದನ್ನು ಈಗ ಯಾರು ಬಳಸುತ್ತಾರೆ?” ಎಂದ. ಪೇಜ್‌ಮೇಕರ್ ಬಳಸುವವಳಿಗೆ ಕೇಳುವ ಪ್ರಶ್ನೆಯೇ ಅದು?

ಲ್ಯಾಪ್‌ಟಾಪಿನಲ್ಲಿ ಎಫ್‌ಟಿಪಿ ನಡೆಸುವ ಫೈಲ್‌ಜಿಲ್ಲಾ ಸರ್ವರ್ ಎಂಬ ತಂತ್ರಾಂಶ ಹಾಕಿದೆ. ಅದು 192.168.50.2ರಲ್ಲಿ ಮಾತ್ರ ಕಿವಿಗೊಡುವಂತೆ ಮಾಡಿದೆ. ವೈಫೈ ಕಡೆಯಿಂದ ನೋಡಿದರೆ ಇಲ್ಲಿ ಎಫ್‌ಟಿಪಿ ಇದೆ ಎಂದೇ ತಿಳಿಯಬಾರದು. ಎಕ್ಸ್‌ಪಿಯಲ್ಲಿ ಏನೂ ಹಾಕಬೇಕಾಗಿಲ್ಲ; ಅದರ ಎಕ್ಸ್‌ಪ್ಲೋರರಿನ ವಿಳಾಸಪಟ್ಟಿಯಲ್ಲಿ ಎಫ್‌ಟಿಪಿ ವಿಳಾಸ ಬರೆದರೆ ಫೋಲ್ಡರ್ ತೆರೆದಂತೆ ತೆರೆಯುತ್ತದೆ, ಫೈಲು ಎಳೆದು ಹಾಕಿದರಾಯಿತು. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಟ್ಟಬಯಲಾಗಿ ಹೋಗುತ್ತದೆ ಎನ್ನುವುದು ಗೊತ್ತಿದೆ. ಎರಡು ಮೀಟರ್ ಕೇಬಲಿನಲ್ಲಿ ಕದಿಯುವವನು ಮೇಜಿನ ಕೆಳಗೆ ಕುಳಿತಿರಬೇಕು. ಆದರೂ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಟ್ಟೆ. ಸರ್ವರಿನಲ್ಲಿ ಟಿಎಲ್‌ಎಸ್ (ಮಾತುಕತೆಯನ್ನು ಗುಪ್ತಲಿಪಿ ಮಾಡುವ ಕ್ರಮ) ಕಡ್ಡಾಯ ಎಂದಿದ್ದರೆ ಎಕ್ಸ್‌ಪಿಯ ಎಕ್ಸ್‌ಪ್ಲೋರರ್ ಒಳಗೆ ಬರಲಾರದು, ಸಾದಾ ಎಫ್‌ಟಿಪಿಗೂ ಅನುಮತಿ ಬೇಕು.

ಇಲ್ಲೂ ಒಂದು ಗಂಟು ಇತ್ತು. ಹೆಸರು, ಪಾಸ್‌ವರ್ಡ್ ಒಪ್ಪುತ್ತದೆ, ಆಮೇಲೆ ಫೈಲುಗಳ ಪಟ್ಟಿ ಬರುವುದೇ ಇಲ್ಲ, ಬರೀ ಟಾರ್ಚಿನ ಚಿತ್ರ ಅತ್ತಿತ್ತ ಓಡಾಡುತ್ತದೆ. ಎಫ್‌ಟಿಪಿ ಮಾತುಕತೆಗೆ 21ನೇ ಪೋರ್ಟ್ (ಇದು ಕೇಬಲಿನ ಕಿಂಡಿಯಲ್ಲ, ತಂತ್ರಾಂಶದ ನಂಬರಿನ ಬಾಗಿಲು) ಬಳಸಿದರೂ ಪಟ್ಟಿ ಮತ್ತು ಫೈಲುಗಳಿಗೆ ಪ್ರತಿ ಸಲ ಬೇರೆಯೇ ಪೋರ್ಟ್ ತೆರೆಯುತ್ತದೆ. ಎಫ್‌ಟಿಪಿಗಾಗಿ ಫೈರ್‌ವಾಲಿನಲ್ಲಿ ನಾನು ಬಿಟ್ಟಿದ್ದು 21ನ್ನು ಮಾತ್ರ. ಸರ್ವರಿಗೆ ‘50000ದಿಂದ 50100ರೊಳಗೆ ಮಾತ್ರ ತೆರೆ’ ಎಂದು ಹೇಳಿ, ಅಷ್ಟನ್ನೇ 192.168.50.1ಕ್ಕೆ ಬಿಟ್ಟಾಗ ಪಟ್ಟಿ ಮೂಡಿತು. ಎಕ್ಸ್‌ಪಿಯ ಇಂಟರ್‌ನೆಟ್ ಆಪ್ಷನ್ಸ್‌ನಲ್ಲಿ, ಹೀಗೆ ಸರ್ವರೇ ಪೋರ್ಟ್ ತೆರೆಯುವ ಪ್ಯಾಸಿವ್ ಎಫ್‌ಟಿಪಿಗೆ ಟಿಕ್ ಇರಬೇಕು.

ಹಳೆಯ ಫೈಲುಗಳನ್ನೆಲ್ಲ ಸಾಗಿಸುವ ಮೊದಲು ವರ್ಷವಾರು ಜಿಪ್ ಮಾಡಿದೆ. ಹಾಗೆಯೇ ಎಳೆದು ಹಾಕಿದರೆ ಆ ಕಡೆ ಎಲ್ಲದಕ್ಕೂ ಇವತ್ತಿನ ದಿನಾಂಕ ಬೀಳುತ್ತದೆ. ನಮ್ಮಲ್ಲಿ ಗಿರಾಕಿಗಳು ಕೇಳುವುದೇ ‘ಅಕ್ಕನ ಮದುವೆಗೆ ಮಾಡಿಕೊಟ್ಟಿದ್ದಿರಲ್ಲ, ಅದೇ ತರಹ’ ಎಂದು. ದಿನಾಂಕ ಹೋದರೆ ನನ್ನ ಪಂಚಾಂಗವೇ ಹೋದಂತೆ. ಜಿಪ್ಪಿನೊಳಗೆ ದಿನಾಂಕ ಉಳಿಯುತ್ತದೆ, ಸಾವಿರಾರು ಚಿಕ್ಕ ಫೈಲುಗಳಿಗಿಂತ ಒಂದು ದೊಡ್ಡದು ಬೇಗ ಹೋಗುತ್ತದೆ ಕೂಡ. 100 ಎಂಬಿಪಿಎಸ್ ಎಂದರೆ ಲೆಕ್ಕಕ್ಕೆ ಸೆಕೆಂಡಿಗೆ 12.5 ಎಂಬಿ, ಕೈಗೆ ಸಿಗುವುದು 11ರ ಆಸುಪಾಸು. 40 ಜಿಬಿಗೆ ಒಂದು ಗಂಟೆ. ನನ್ನ ಹಳೆಯ ಹಾರ್ಡ್‌ಡಿಸ್ಕ್ ಅಷ್ಟು ವೇಗವಾಗಿ ಓದಲೊಲ್ಲದು, ಹಾಗಾಗಿ ಅಡಿಗೆ ಮುಗಿಸಿ ಬರುವಷ್ಟು ಹೊತ್ತು ಹಿಡಿಯಿತು. ನಡುವೆ ಸಂಪರ್ಕ ತಪ್ಪಿದರೆ ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ಅಡಾಪ್ಟರಿನ ವಿದ್ಯುತ್ ಉಳಿತಾಯದ ಟಿಕ್ ತೆಗೆಯಿರಿ. ಲ್ಯಾಪ್‌ಟಾಪ್ ಅದನ್ನು ನಿದ್ದೆಗೆ ಕಳಿಸುವ ಚಾಳಿಯದು.

ಲ್ಯಾಪ್‌ಟಾಪಿನಲ್ಲಿ ಪೇಜ್‌ಮೇಕರ್ ಫೈಲುಗಳು ತೆರೆಯುವುದಿಲ್ಲ, ಅವು ಅಲ್ಲಿರುವುದು ಹಾರ್ಡ್‌ಡಿಸ್ಕ್ ಕೈಕೊಟ್ಟರೆ ಎಂಬ ಭಯಕ್ಕೆ. ಅಕ್ಷರಗಳ ಫೋಲ್ಡರನ್ನೂ ಜೊತೆಗೆ ಹಾಕಿದ್ದೇನೆ. ಯೂನಿಕೋಡ್ ಅಲ್ಲದ ಹಳೆಯ ಫೈಲಿಗೆ ಅದರ ಫಾಂಟ್ ಇಲ್ಲದಿದ್ದರೆ ಉಳಿಯುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಮಳೆಗಾಲದಲ್ಲಿ ಪೋರ್ಟು ಮತ್ತೆ ಹಸಿರುಗಟ್ಟುವುದು ಖಂಡಿತ. ಅದಕ್ಕಾಗಿ ಅದೇ ಬಗೆಯ ಇನ್ನೊಂದು ಕೇಬಲ್, ಇನ್ನೊಂದು ಹಳೆಯ ಕಾರ್ಡ್ ತೆಗೆದಿಟ್ಟಿದ್ದೇನೆ. ಕಾರ್ಡ್ ಕೊಟ್ಟದ್ದು ಭಾವನವರೇ, ಅದೇ ಚೀಲದಿಂದ.